ಬೆಳಗಿನ ಮೊದಲ ಒಂದು ಗಂಟೆ: ಮೈಗೆ ಹುರುಪು, ಮನಸ್ಸಿಗೆ ಗೆಲುವು ತರುವ ದಿನಚರಿ ಕಟ್ಟುವ ಬಗೆ

ನಸುಕಿಗೇ ಏಳಬೇಕು, ಓಡಬೇಕು, ಧ್ಯಾನ ಮಾಡಬೇಕು, ತಣ್ಣೀರು ಸ್ನಾನ ಮಾಡಬೇಕು, ಡೈರಿ ಬರೆಯಬೇಕು. ಹೀಗೆ ಹತ್ತು ಕೆಲಸಗಳ ಪಟ್ಟಿ ಹಿಡಿದು ಸೋಮವಾರ ಹೊರಟವರು ಗುರುವಾರದ ಹೊತ್ತಿಗೆ ಸುಸ್ತಾಗಿ ಕೈಬಿಡುತ್ತಾರೆ. ತಪ್ಪು ಅವರ ಮನೋಬಲದ್ದಲ್ಲ, ಪಟ್ಟಿಯದ್ದು. ಅದರಲ್ಲಿರುವ ಎಲ್ಲದಕ್ಕೂ ಒಂದೇ ತೂಕವಿಲ್ಲ. ಏಳುವ ಸಮಯ, ಕಣ್ಣಿಗೆ ಬೀಳುವ ಬೆಳಕು, ಮೈಯ ಚಲನೆ ಈ ಮೂರೇ ದಿನದ ಹುರುಪಿನ ಬಹುಪಾಲನ್ನು ಹೊರುತ್ತವೆ. ಉಳಿದದ್ದೆಲ್ಲ ಆಮೇಲಿನ ಮಾತು. ಮೂರರಲ್ಲೂ ಏಳುವ ಸಮಯವೇ ಗೂಟ. ಅದು ಅಲ್ಲಾಡುತ್ತಿದ್ದರೆ ಅದಕ್ಕೆ ಏನು ಕಟ್ಟಿದರೂ ನಿಲ್ಲದು.

ಗೂಟ ಬಡಿಯುವುದು

ಮಿದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದು. ಹೊರಗಿನ ಬೆಳಕಿನ ಸುಳಿವೇ ಸಿಗದಿದ್ದರೆ ಹೆಚ್ಚಿನವರಲ್ಲಿ ಅದರ ‘ದಿನ’ 24 ಗಂಟೆಗಿಂತ ಸ್ವಲ್ಪ ಉದ್ದವಾಗಿಯೇ ಓಡುತ್ತದೆ. ಅಂದರೆ ದಿನಾ ಬೆಳಿಗ್ಗೆ ಅದನ್ನು ಯಾರಾದರೂ ತುಸು ಮುಂದಕ್ಕೆ ತಿರುಗಿಸಿ ಸರಿಮಾಡಬೇಕು. ಮಾಡದಿದ್ದರೆ ರಾತ್ರಿ ನಿದ್ದೆ ತಡವಾಗುತ್ತ, ಬೆಳಗಿನ ಭಾರ ಹೆಚ್ಚುತ್ತ ಹೋಗುತ್ತದೆ.

ಈ ಗಡಿಯಾರಕ್ಕೆ ನೀವು ಏಳುವ ಹೊತ್ತು ಗೊತ್ತಿದ್ದರೆ ಅದು ಮೊದಲೇ ಸಿದ್ಧತೆ ನಡೆಸುತ್ತದೆ. ಎಚ್ಚರವಾಗಲು ಸುಮಾರು ಎರಡು ಗಂಟೆ ಇರುವಾಗ ಮೈಬಿಸಿ ತನ್ನ ಕನಿಷ್ಠಕ್ಕೆ ಇಳಿದು ಮತ್ತೆ ಏರತೊಡಗುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ನಸುಕಿನಿಂದಲೇ ಮೇಲೇರುತ್ತ, ಎದ್ದ 30ರಿಂದ 45 ನಿಮಿಷದೊಳಗೆ ದಿನದ ಎತ್ತರ ಮುಟ್ಟುತ್ತದೆ. ಕಾರ್ಟಿಸಾಲ್ ಎಂದರೆ ಒತ್ತಡದ ಹಾರ್ಮೋನು ಎಂದು ಹೆದರುವುದು ಬೇಡ. ಬೆಳಗಿನ ಈ ಏರಿಕೆಯೇ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸುವುದು. ಒಂದು ದಿನ ಆರಕ್ಕೆ, ಮರುದಿನ ಎಂಟಕ್ಕೆ, ರಜೆಯಲ್ಲಿ ಹತ್ತಕ್ಕೆ ಎದ್ದರೆ ದೇಹ ಯಾವ ಹೊತ್ತಿಗೆ ಸಿದ್ಧವಾಗಬೇಕು? ವಾರದ ದಿನಕ್ಕೂ ರಜಾದಿನಕ್ಕೂ ನಿದ್ದೆಯ ಹೊತ್ತು ಹೀಗೆ ಹೊಯ್ದಾಡುವುದಕ್ಕೆ ಜರ್ಮನಿಯ ವಿಜ್ಞಾನಿ ಟಿಲ್ ರೋನೆಬರ್ಗ್ ಮತ್ತು ಜೊತೆಗಾರರು 2006ರಲ್ಲಿ ‘ಸೋಶಿಯಲ್ ಜೆಟ್‌ಲ್ಯಾಗ್’ ಎಂದು ಹೆಸರಿಟ್ಟರು. ವಿಮಾನ ಹತ್ತದೆಯೇ ಪ್ರತಿ ವಾರ ಬೇರೆ ದೇಶಕ್ಕೆ ಹೋಗಿ ಬಂದಷ್ಟು ಸುಸ್ತು.

ಸಮಯ ಆರಿಸುವಾಗ ಆಸೆಯಿಂದ ಶುರುಮಾಡಬೇಡಿ, ವಾರದಲ್ಲಿ ನೀವು ಅನಿವಾರ್ಯವಾಗಿ ಅತಿ ಬೇಗ ಏಳಬೇಕಾದ ದಿನದಿಂದ ಶುರುಮಾಡಿ. ಆ ಹೊತ್ತನ್ನೇ ಏಳೂ ದಿನಕ್ಕೆ ಇಟ್ಟುಕೊಳ್ಳಿ. ರಜೆಯಲ್ಲಿ ಅರ್ಧ ಗಂಟೆ ಆಚೀಚೆ ಆದರೆ ಚಿಂತೆಯಿಲ್ಲ, ಒಂದು ಗಂಟೆ ದಾಟಬಾರದು. ಅಲ್ಲಿಂದ ಹಿಂದಕ್ಕೆ ಎಣಿಸಿ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ 8ರಿಂದ 10. ಮಲಗಿದ ಕೂಡಲೇ ಯಾರಿಗೂ ನಿದ್ದೆ ಹತ್ತುವುದಿಲ್ಲವಾದ್ದರಿಂದ ಇನ್ನೊಂದು 20 ನಿಮಿಷ ಸೇರಿಸಿ. ಆರಕ್ಕೆ ಏಳಬೇಕೆಂದರೆ ಹತ್ತೂವರೆಗೆ ದೀಪ ಆರಿರಬೇಕು. ಈ ಲೆಕ್ಕ ಹೊಂದದಿದ್ದರೆ ಏಳುವ ಸಮಯವನ್ನೇ ಮುಂದೂಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಐದೂವರೆ ಗಂಟೆ ಮಲಗಿ ಐದಕ್ಕೆ ಎದ್ದವರ ದಿನಚರಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಅದು ಅವರನ್ನು ಬೀಳಿಸುತ್ತದೆ.

ಈಗಿಗಿಂತ ಬೇಗ ಏಳಬೇಕಿದ್ದರೆ ಒಂದೇ ಏಟಿಗೆ ಹಾರಬೇಡಿ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ಸರಿಸಿ. ಏಳೂವರೆಯಿಂದ ಆರಕ್ಕೆ ಬರಲು ಆರು ಮೆಟ್ಟಿಲು, ಅಂದರೆ ಎರಡರಿಂದ ಎರಡೂವರೆ ವಾರ. ನಿದ್ದೆ ಬಾರದೆ ಬೇಗ ಹೋಗಿ ಹಾಸಿಗೆಯಲ್ಲಿ ಹೊರಳಾಡುವುದೂ ತಪ್ಪು. ಮೊದಲು ಏಳುವ ಹೊತ್ತು ಸರಿಸಿ. ನಾಲ್ಕೈದು ದಿನದಲ್ಲಿ ರಾತ್ರಿಯ ಆಕಳಿಕೆ ತಾನಾಗಿ ಹಿಂದಕ್ಕೆ ಬರುತ್ತದೆ.

ಅಲಾರಂ ಹೊಡೆದ ಮೇಲಿನ ಹದಿನೈದು ನಿಮಿಷ

ಕಣ್ಣು ಬಿಟ್ಟ ಕೂಡಲೇ ಮಿದುಳು ಪೂರ್ತಿ ಎಚ್ಚರವಾಗುವುದಿಲ್ಲ. ನಿದ್ದೆಯ ಮಂಪರು ಸಾಮಾನ್ಯವಾಗಿ 15ರಿಂದ 30 ನಿಮಿಷ ಉಳಿಯುತ್ತದೆ. ನಿದ್ದೆ ಕಡಿಮೆಯಾಗಿದ್ದರೆ ಅಥವಾ ಗಾಢ ನಿದ್ದೆಯ ನಡುವೆ ಎಬ್ಬಿಸಿದರೆ ಒಂದು ಗಂಟೆಯೂ ಹಿಡಿಯಬಹುದು. ‘ಇವತ್ತು ಆಗಲ್ಲ’, ‘ಮೈಯಲ್ಲಿ ಶಕ್ತಿಯೇ ಇಲ್ಲ’ ಎನಿಸುವುದು ಈ ಹೊತ್ತಿನಲ್ಲೇ. ಆ ತೀರ್ಮಾನವನ್ನು ನಂಬಬೇಡಿ. ಅದು ನಿಮ್ಮ ದಿನದ ಕುರಿತ ಸುದ್ದಿಯಲ್ಲ, ಮಂಪರಿನ ಮಾತು ಅಷ್ಟೆ. ಈ ಕಾಲು ಗಂಟೆಯಲ್ಲಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವ ಹಾಗಿರಬಾರದು. ಎಲ್ಲವೂ ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು.

ಸ್ನೂಜ್ ಗುಂಡಿ ಹೆಚ್ಚಿನ ಗಡಿಯಾರಗಳಲ್ಲಿ 9 ನಿಮಿಷ ಕೊಡುತ್ತದೆ. ಮೂರು ಸಲ ಒತ್ತಿದರೆ ಸುಮಾರು ಅರ್ಧ ಗಂಟೆ ಹೋಯಿತು, ಸಿಕ್ಕಿದ್ದು ತುಂಡು ತುಂಡು ನಿದ್ದೆ. ಆ ಅರ್ಧ ಗಂಟೆಯನ್ನು ಅಲಾರಂ ಸಮಯಕ್ಕೇ ಸೇರಿಸಿದರೆ ಅಖಂಡ ನಿದ್ದೆಯಾದರೂ ದಕ್ಕುತ್ತದೆ. ಅಲಾರಂ ಕೈಗೆಟುಕುವಲ್ಲಿ ಬೇಡ. ನಾಲ್ಕು ಹೆಜ್ಜೆ ನಡೆದು ಆರಿಸುವಷ್ಟು ದೂರವಿರಲಿ. ಏಳುವಾಗ ತಲೆ ತಿರುಗುವವರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು ದಡಬಡಿಸಿ ನಿಲ್ಲಬಾರದು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಆಮೇಲೆ ನಿಲ್ಲಬೇಕು.

ಫೋನೇ ಅಲಾರಂ ಆಗಿದ್ದರೆ ಅಲ್ಲೇ ಸಿಕ್ಕಿಬೀಳುವ ಅಪಾಯ. ಅದನ್ನು ಆರಿಸುವ ಕೈ ಸಂದೇಶಗಳನ್ನೂ ತೆರೆಯುತ್ತದೆ. ಇನ್ನೂ ಮಂಪರಿನಲ್ಲಿರುವ ತಲೆಗೆ ಬೇರೆಯವರ ಬೇಡಿಕೆ, ಜಗಳ, ಸುದ್ದಿ ತುಂಬಿಕೊಂಡರೆ ಮನಸ್ಸು ಇಡೀ ಬೆಳಿಗ್ಗೆ ಅವುಗಳ ಹಿಂದೆಯೇ ಓಡುತ್ತದೆ. ಬೇರೆ ಗಡಿಯಾರ ಇಟ್ಟುಕೊಳ್ಳುವುದು ಸುಲಭದ ದಾರಿ. ಅದಾಗದಿದ್ದರೆ ರಾತ್ರಿಯೇ ಇಂಟರ್ನೆಟ್ ಆಫ್ ಮಾಡಿ ಮಲಗಿ, ಹೊರಗಿನ ಬೆಳಕು ಕಂಡು ಬಂದ ಮೇಲಷ್ಟೇ ಆನ್ ಮಾಡಿ.

ಬೆಳಕು: ಎಲ್ಲಕ್ಕಿಂತ ಅಗ್ಗದ ಔಷಧಿ

ನಮ್ಮ ಕಣ್ಣಿನ ಪರದೆಯಲ್ಲಿ ಚಿತ್ರ ನೋಡುವ ಕೋಶಗಳ ಜೊತೆಗೆ, ಬೆಳಕಿನ ಪ್ರಮಾಣವನ್ನು ಅಳೆದು ಮಿದುಳಿನ ಗಡಿಯಾರಕ್ಕೆ ನೇರ ಸುದ್ದಿ ಮುಟ್ಟಿಸುವ ಇನ್ನೊಂದು ಬಗೆಯ ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವಸ್ತು 480 ನ್ಯಾನೋಮೀಟರ್ ಆಸುಪಾಸಿನ, ಅಂದರೆ ತಿಳಿನೀಲಿ ಆಕಾಶದ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಈ ಕೋಶಗಳು ಮೆಲ್ಲಗೆ ಲೆಕ್ಕ ಹಾಕುತ್ತವೆ. ಅವಕ್ಕೆ ಸಾಕಷ್ಟು ಬೆಳಕು ಸಾಕಷ್ಟು ಹೊತ್ತು ಬೇಕು.

ಮನೆಯೊಳಗೆ ಅದು ಸಿಗುವುದಿಲ್ಲ ಎಂಬುದನ್ನು ಅಂಕಿಗಳಲ್ಲಿ ನೋಡಿದರೇ ನಂಬಿಕೆ ಬರುವುದು. ಬೆಳಕನ್ನು ಅಳೆಯುವ ಮಾನ ಲಕ್ಸ್. ಚೆನ್ನಾಗಿ ಬೆಳಗಿದ ಕೋಣೆಯಲ್ಲಿ 100ರಿಂದ 500 ಲಕ್ಸ್. ಮೋಡ ಮುಚ್ಚಿದ ಹಗಲಿನಲ್ಲಿ ಹೊರಗೆ 1,000ದಿಂದ 10,000. ನೇರ ಬಿಸಿಲಲ್ಲಿ ಒಂದು ಲಕ್ಷದವರೆಗೆ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಒಳಗೂ ಬೆಳಕಿದೆ ಎನ್ನಿಸುತ್ತದೆ, ಗಡಿಯಾರಕ್ಕೆ ಮಾತ್ರ ಅದು ಇನ್ನೂ ಮಸುಕು ಸಂಜೆ. ಕಿಟಕಿಯಿಂದ ಎರಡು ಮೂರು ಹೆಜ್ಜೆ ಹಿಂದೆ ಸರಿದರೂ ಬೆಳಕು ತೀರಾ ಕುಸಿಯುತ್ತದೆ. ಹಾಗಾಗಿ ಹೊಸ್ತಿಲು ದಾಟಲೇಬೇಕು. ಎದ್ದ ಒಂದು ಗಂಟೆಯೊಳಗೆ, ಆಕಾಶ ಶುಭ್ರವಾಗಿದ್ದರೆ 10 ನಿಮಿಷ, ಮೋಡವಿದ್ದರೆ 20ರಿಂದ 30 ನಿಮಿಷ. ತಂಪುಕನ್ನಡಕ ಬೇಡ, ನಂಬರಿನ ಕನ್ನಡಕ ಇರಲಿ. ಸೂರ್ಯನನ್ನು ದಿಟ್ಟಿಸಿ ನೋಡುವುದು ಎಂದಿಗೂ ಕೂಡದು, ಅದರಿಂದ ಕಣ್ಣಿನ ಪರದೆಗೆ ಶಾಶ್ವತ ಹಾನಿಯಾಗಬಹುದು. ತೆರೆದ ಆಕಾಶದ ಕಡೆ ಮುಖ ಮಾಡಿ ನಡೆದರೆ ಸಾಕು.

ಸೂರ್ಯ ಹುಟ್ಟುವ ಮುಂಚೆ ಏಳುವವರು ಮೊದಲು ಒಳಗಿನ ದೀಪಗಳನ್ನೆಲ್ಲ ಹಚ್ಚಿ, ಬೆಳಕು ಹರಿದ ಮೇಲೆ ಹೊರಗೆ ಹೋಗಲಿ. ಚಳಿಗಾಲದಲ್ಲಿ ಹಗಲು ತೀರಾ ಕಿರಿದಾಗುವ ಪ್ರದೇಶಗಳಲ್ಲಿ 10,000 ಲಕ್ಸ್‌ನ ಬೆಳಕಿನ ಪೆಟ್ಟಿಗೆ ಬಳಸುತ್ತಾರೆ. ಋತುಮಾನದ ಖಿನ್ನತೆಗೆ ಬೆಳಕಿನ ಚಿಕಿತ್ಸೆಯನ್ನು ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದ ಮೇಲೆ ಅದು ಬಳಕೆಗೆ ಬಂತು. ಬೆಳಿಗ್ಗೆ 30 ನಿಮಿಷ, ಪೆಟ್ಟಿಗೆ ಮುಖಕ್ಕಿಂತ ತುಸು ಮೇಲೆ ಓರೆಯಾಗಿ ಇರಬೇಕು. ತಯಾರಕರು ಹೇಳಿದ ದೂರವನ್ನು ಮೀರಿದರೆ ಪ್ರಯೋಜನವಿಲ್ಲ: ಒಂದು ಮೊಳದ ದೂರಕ್ಕೆ 10,000 ಲಕ್ಸ್ ಕೊಡುವ ಪೆಟ್ಟಿಗೆ ಕೋಣೆಯ ಆ ತುದಿಯಲ್ಲಿದ್ದರೆ ಬರೀ ಇನ್ನೊಂದು ದೀಪ. ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಪ್ರಖರ ಬೆಳಕು ಉನ್ಮಾದವನ್ನು ಕೆರಳಿಸಬಹುದು. ಅವರೂ, ಕಣ್ಣಿನ ಪರದೆಯ ತೊಂದರೆ ಇರುವವರೂ ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ಬೇಗ ಏಳುವ ಹುಮ್ಮಸ್ಸಿನವರು ತಿಳಿದಿರಬೇಕಾದ ಇನ್ನೊಂದು ಸೂಕ್ಷ್ಮವಿದೆ. ಮೈಬಿಸಿ ಕನಿಷ್ಠವಿರುವ ಹೊತ್ತಿನ ನಂತರ ಬಿದ್ದ ಬೆಳಕು ಗಡಿಯಾರವನ್ನು ಬೇಗನೆ ಎನ್ನುವ ಕಡೆ ತಿರುಗಿಸುತ್ತದೆ, ಅದಕ್ಕೆ ಮುಂಚೆ ಬಿದ್ದದ್ದು ತಡವಾಗಿ ಎನ್ನುವ ಕಡೆ. ದಿನಾ ಎಂಟಕ್ಕೆ ಏಳುವವರ ಕನಿಷ್ಠ ಬಿಂದು ಸುಮಾರು ಆರಕ್ಕೆ. ಅವರು ನಾಳೆ ಏಕಾಏಕಿ ನಾಲ್ಕಕ್ಕೆ ಎದ್ದು ಪ್ರಖರ ದೀಪದ ಮುಂದೆ ಕುಳಿತರೆ ಮರುದಿನ ಏಳುವುದು ಇನ್ನಷ್ಟು ಕಷ್ಟವಾದೀತು. ಮೆಟ್ಟಿಲು ಮೆಟ್ಟಿಲಾಗಿ ಸರಿಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನೀರು, ಕಾಫಿ, ತಿಂಡಿ

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಅಥವಾ ಒಂದೂವರೆ ಲೋಟ ಸಾಕು, ಲೀಟರುಗಟ್ಟಲೆ ಬೇಕಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಅದನ್ನೇ ಪಾಲಿಸಲಿ. ನಿಂಬೆರಸ ಹಿಂಡಿ ಕುಡಿಯುವವರು ಅದಾದ ಮೇಲೆ ಅರ್ಧ ಗಂಟೆ ಹಲ್ಲುಜ್ಜಬಾರದು. ಹುಳಿಯಿಂದ ಮೆತ್ತಗಾದ ಹಲ್ಲಿನ ಹೊರಪದರವನ್ನು ಬ್ರಶ್ ಸವೆಸುತ್ತದೆ.

ಕಾಫಿ, ಟೀ ಶಕ್ತಿ ಕೊಡುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತವೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗಿ ನಿದ್ದೆ ತರಿಸುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕಾಫಿ, ಟೀಯಲ್ಲಿರುವ ಕೆಫೀನ್ ಹೋಗಿ ಕೂರುತ್ತದೆ. ಎದ್ದ ಮೇಲೆ 90 ನಿಮಿಷ ಕಾದೇ ಕಾಫಿ ಕುಡಿಯಬೇಕು ಎಂಬ ಸಲಹೆ ಈಚೆಗೆ ಬಹಳ ಹರಿದಾಡುತ್ತಿದೆ, ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಬೆಳಗಿನ ಲೋಟಕ್ಕಿಂತ ದಿನದ ಕೊನೆಯ ಲೋಟ ಯಾವಾಗ ಎಂಬುದೇ ಮುಖ್ಯ. ಕೆಫೀನಿನ ಅರ್ಧ ಭಾಗ ಕರಗಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಐದಕ್ಕೆ 100 ಮಿಲಿಗ್ರಾಂ ಒಳಹೋದರೆ ರಾತ್ರಿ ಹತ್ತಕ್ಕೂ 50 ಉಳಿದಿರುತ್ತದೆ, ಮರುದಿನದ ಬೆಳಿಗ್ಗೆ ಹಾಳಾಗುವುದು ಅಲ್ಲಿಂದಲೇ. ಮಲಗುವ ಎಂಟು ಗಂಟೆ ಮುಂಚೆಯೇ ನಿಲ್ಲಿಸಿ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನೊಂದಿಗೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟೇ ಕಾಫಿ ಅಥವಾ ತಿಂಡಿ. ಕಬ್ಬಿಣಾಂಶ ಕಡಿಮೆ ಇರುವವರು ತಿಂಡಿಯ ಜೊತೆಗೇ ಟೀ, ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಒಂದು ಗಂಟೆ ಅಂತರವಿರಲಿ.

ತಿಂಡಿಯಲ್ಲಿ ಬರೀ ಸಿಹಿ, ಬರೀ ಹಿಟ್ಟು ಇದ್ದರೆ ಎರಡು ಗಂಟೆಯಲ್ಲೇ ಹಸಿವು, ತೂಕಡಿಕೆ. ಮೊಟ್ಟೆ, ಮೊಸರು, ಕಾಳು ಇಂಥ ಪ್ರೋಟೀನು 20 ಗ್ರಾಂನಷ್ಟಾದರೂ ಸೇರಿದರೆ ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತದೆ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಇರುತ್ತದೆ, ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಬೆಳಿಗ್ಗೆ ಹಸಿವೇ ಆಗದವರು ಬಲವಂತವಾಗಿ ತಿನ್ನಬೇಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ತಿಂಡಿ ಬಿಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಹತ್ತು ನಿಮಿಷ ಮೈ ಆಡಿಸುವುದು

ಇಲ್ಲಿ ಗುರಿ ಬೆವರಿಳಿಸುವುದಲ್ಲ. ಮೈಬಿಸಿ, ನಾಡಿಬಡಿತ ತುಸು ಏರಿದರೆ ಮಂಪರು ಹರಿಯುತ್ತದೆ. ಮೊದಲ ಎರಡು ನಿಮಿಷ ಕುತ್ತಿಗೆ, ಭುಜ, ಸೊಂಟ, ಮೊಣಕಾಲು, ಪಾದದ ಕೀಲುಗಳನ್ನು ನಿಧಾನವಾಗಿ ತಿರುಗಿಸಿ. ಆರು ನಿಮಿಷ ಚುರುಕು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಕೊನೆಯ ಎರಡು ನಿಮಿಷ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಹತ್ತು ಸಲ ಮುಂದೆ ಬಾಗಿ ತಳ್ಳುವುದು. ನಡಿಗೆ ಹೊರಗೇ ಆದರೆ ಬೆಳಕಿನ ಲೆಕ್ಕವೂ ಅದರಲ್ಲೇ ಬಹುಪಾಲು ಮುಗಿಯಿತು. ಎರಡು ಕೆಲಸ ಒಂದೇ ಹೆಜ್ಜೆಯಲ್ಲಿ ಆಗುವುದರಿಂದ ಬೇರೆ ಯಾವ ವ್ಯಾಯಾಮಕ್ಕಿಂತ ಹೊರಗಿನ ನಡಿಗೆಗೇ ನಮ್ಮ ಮೊದಲ ಮತ.

ಎದ್ದ ಕೂಡಲೇ ಸೊಂಟ ಬಾಗಿಸಿ ಪಾದ ಮುಟ್ಟುವುದು, ಭಾರ ಎತ್ತುವುದು ಬೇಡ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಿಗ್ಗೆ ಬಾಗಿದಾಗ ಅವುಗಳ ಮೇಲೆ ಒತ್ತಡ ಹೆಚ್ಚು. ಒಂದು ಗಂಟೆ ಓಡಾಡಿದ ಮೇಲೆ ಅಂಥ ಆಸನ, ವ್ಯಾಯಾಮ ಮಾಡಿ. ಬೆನ್ನುನೋವಿನವರು ಇದೊಂದನ್ನು ಪಾಲಿಸಿದರೂ ವ್ಯತ್ಯಾಸ ಕಾಣಬಹುದು. ತಣ್ಣೀರು ಸ್ನಾನ ಎಚ್ಚರಿಸುವುದು ನಿಜ, ಆದರೆ ಕಡ್ಡಾಯವೇನಲ್ಲ. ಮುಖಕ್ಕೆ ನಾಲ್ಕು ಬೊಗಸೆ ತಣ್ಣೀರು ಎರಚಿಕೊಂಡರೆ ಸಾಮಾನ್ಯವಾಗಿ ಸಾಕು. ಹೃದಯದ ತೊಂದರೆ ಇರುವವರು ಏಕಾಏಕಿ ತಣ್ಣೀರಿಗೆ ಇಳಿಯಬಾರದು.

ಮನಸ್ಸಿನ ಪಾಲು

ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣ ಎಂದು ಕಾಯುವುದೇ ಬೆಳಗಿನ ದೊಡ್ಡ ಬಲೆ. ಖಿನ್ನತೆಯ ಚಿಕಿತ್ಸೆಯಲ್ಲೂ ಇದರ ಉಲ್ಟಾ ದಾರಿಯನ್ನೇ ಬಳಸುತ್ತಾರೆ: ಮೊದಲು ಸಣ್ಣದೊಂದು ಕೆಲಸ, ಅದರ ಹಿಂದೆ ಮನಸ್ಸು. ಹಾಸಿಗೆ ಮಡಿಸುವುದು, ಗಿಡಕ್ಕೆ ನೀರು ಹಾಕುವುದು, ಇಷ್ಟದ ಹಾಡು ಹಾಕಿಕೊಂಡು ಪಾತ್ರೆ ತೊಳೆಯುವುದು, ಏನಾದರೂ ಸರಿ. ಎರಡು ಗುಣ ಇರಬೇಕು: ಐದು ನಿಮಿಷದಲ್ಲಿ ಮುಗಿಯಬೇಕು, ಮುಗಿದದ್ದು ಕಣ್ಣಿಗೆ ಕಾಣಬೇಕು.

ಎದ್ದ ಕೂಡಲೇ ಎದೆ ಹೊಡೆದುಕೊಳ್ಳುವ, ಆತಂಕದಿಂದ ದಿನ ತೆರೆಯುವ ಜನರಿಗೆ ಉಸಿರಾಟ ನೆರವಾಗುತ್ತದೆ. ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಉಸಿರು ಬಿಡುವಾಗ ನಾಡಿ ತಾನಾಗಿ ನಿಧಾನವಾಗುತ್ತದೆ, ಆದ್ದರಿಂದ ಬಿಡುವುದು ಉದ್ದವಿರಲಿ. ತಲೆ ಹಗುರವಾಗಿ ತಿರುಗಿದಂತಾದರೆ ತುಂಬ ಆಳವಾಗಿ ಎಳೆಯುತ್ತಿದ್ದೀರಿ ಎಂದರ್ಥ, ಸಣ್ಣಗೆ ಉಸಿರಾಡಿ.

ಬರೆಯುವ ಅಭ್ಯಾಸ ಬೇಕೆಂದರೆ ಎರಡೇ ಸಾಲು ಸಾಕು. ಇವತ್ತು ಇದೊಂದು ಆದರೆ ದಿನ ಸಾರ್ಥಕ ಎನ್ನುವ ಕೆಲಸ ಒಂದು ಸಾಲಿನಲ್ಲಿ, ಇವತ್ತು ಎದುರುನೋಡುವ ಒಂದು ಸಂತೋಷ ಇನ್ನೊಂದರಲ್ಲಿ. ಎರಡನೆಯದು ಖಾಲಿ ಉಳಿದರೆ ಹಾಗೇ ಬಿಡಬೇಡಿ. ಸಂಜೆ ಒಬ್ಬ ಗೆಳೆಯರಿಗೆ ಫೋನ್ ಮಾಡುವುದಾದರೂ ಅಲ್ಲಿ ಬರೆಯಿರಿ, ಮಾಡಿ.

ಒಂದರ ಮೇಲೊಂದು ಇಡುವುದು

ಮೊದಲ ವಾರ ಏಳುವ ಸಮಯ ಮತ್ತು ಬೆಳಕು, ಅಷ್ಟೇ. ಎರಡನೇ ವಾರ ಹತ್ತು ನಿಮಿಷದ ಚಲನೆ. ಮೂರನೇ ವಾರ ಮೇಲಿನದರಲ್ಲಿ ನಿಮಗೆ ಒಗ್ಗುವ ಇನ್ನೊಂದು. ಆರಂಭಶೂರತ್ವಕ್ಕೆ ಇದು ಸಪ್ಪೆ ಎನಿಸಬಹುದು, ಆದರೂ ತಾಳಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಒಂದು ಸಣ್ಣ ಅಭ್ಯಾಸ ತಾನಾಗಿ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು. 21 ದಿನದಲ್ಲಿ ರೂಢಿಯಾಗುತ್ತದೆ ಎಂಬ ಮಾತು ನಂಬಿ ಇಪ್ಪತ್ತೆರಡನೇ ದಿನ ನಿರಾಶರಾಗುವುದು ಬೇಡ. ಅದೇ ಅಧ್ಯಯನದಲ್ಲಿ ನಡುವೆ ಒಂದು ದಿನ ತಪ್ಪಿದ್ದು ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಕೊಟ್ಟಿರಲಿಲ್ಲ.

ಹೊಸ ಕೆಲಸವನ್ನು ಗಡಿಯಾರಕ್ಕೆ ಕಟ್ಟುವ ಬದಲು ಆಗಲೇ ಮಾಡುತ್ತಿರುವ ಕೆಲಸದ ಬಾಲಕ್ಕೆ ಕಟ್ಟಿ. ಹಲ್ಲುಜ್ಜಿ ಬ್ರಶ್ ಇಟ್ಟ ಕೈ ಶೂಗೆ ಹೋಗಬೇಕು, ಶೂ ಹಾಕಿದ ಕಾಲು ಬಾಗಿಲಿಗೆ. ಶೂ ಬಾಗಿಲ ಬಳಿ, ಬಟ್ಟೆ ಕುರ್ಚಿಯ ಮೇಲೆ, ನೀರಿನ ಲೋಟ ಮೇಜಿನ ಮೇಲೆ ರಾತ್ರಿಯೇ ಸಿದ್ಧವಿರಲಿ. ಮಲಗುವ ಒಂದು ಗಂಟೆ ಮುಂಚೆ ಮನೆಯ ದೀಪಗಳನ್ನು ಮಂದ ಮಾಡುವುದೂ ಬೆಳಗಿನ ದಿನಚರಿಯ ಭಾಗವೇ.

ಜೊತೆಗೆ ಒಂದು ‘ಕೆಟ್ಟ ದಿನದ ಆವೃತ್ತಿ’ ಇಟ್ಟುಕೊಳ್ಳಿ: ಎದ್ದು, ನೀರು ಕುಡಿದು, ಹೊರಗೆ ಐದು ನಿಮಿಷ ನಿಂತು ಬರುವುದು. ಮಗು ಅತ್ತ ರಾತ್ರಿಯ ಮರುದಿನ, ತಡವಾದ ದಿನ ಇಷ್ಟೇ ಮಾಡಿ, ದಿನಚರಿ ನಡೆಯಿತು ಎಂದೇ ಲೆಕ್ಕ ಹಾಕಿ. ಜ್ವರ ಬಂದರೆ, ರಾತ್ರಿಯಿಡೀ ಎಚ್ಚರವಿದ್ದರೆ ಮಾತ್ರ ಗೂಟ ಸಡಿಲಿಸಿ ಮಲಗಿ.

ಫಲವನ್ನು ಎದ್ದ ಗಳಿಗೆಯಲ್ಲಿ ಅಳೆಯಬೇಡಿ, ಆಗ ಮಂಪರು. ಎದ್ದ ನಾಲ್ಕು ಗಂಟೆಯ ನಂತರ ಹುರುಪಿಗೊಂದು, ಮನಸ್ಸಿಗೊಂದು ಅಂಕ ಹತ್ತಕ್ಕೆ ಇಷ್ಟು ಎಂದು ಬರೆದಿಡಿ, ಪಕ್ಕದಲ್ಲಿ ನಿದ್ದೆಯ ಗಂಟೆ. ಹದಿನೈದು ದಿನದ ಅಂಕಿ ಒಟ್ಟಿಗೆ ನೋಡಿದಾಗ ಎಲ್ಲಿ ಸೋರುತ್ತಿದೆ ಎಂದು ಕಾಣುತ್ತದೆ. ಹೆಚ್ಚಾಗಿ ನಿದ್ದೆಯ ಸಾಲಿನಲ್ಲೇ.

ಏಳೆಂಟು ಗಂಟೆ ಮಲಗಿಯೂ ಬೆಳಿಗ್ಗೆ ಹಿಂಡಿದಂತೆ ಏಳುತ್ತಿದ್ದರೆ, ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಬೆಳಗಿನ ತಲೆನೋವು ಇದ್ದರೆ ಅದು ದಿನಚರಿಯಿಂದ ಸರಿಹೋಗುವಂಥದ್ದಲ್ಲ, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆ ಇರಬಹುದು. ರಕ್ತಹೀನತೆ, ಥೈರಾಯ್ಡ್ ಕೊರತೆ ಕೂಡ ಇದೇ ಬಗೆಯ ದಣಿವು ತರುತ್ತವೆ, ಸರಳ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಕುಗ್ಗಿದ್ದು, ಮೊದಲು ಖುಷಿ ಕೊಟ್ಟದ್ದೂ ಬೇಡವಾಗಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ.

ರಾತ್ರಿ ಪಾಳಿಯವರಿಗೆ ‘ಬೆಳಿಗ್ಗೆ’ ಎಂದರೆ ಅವರು ಏಳುವ ಹೊತ್ತು, ಅದು ಮಧ್ಯಾಹ್ನ ಎರಡಾದರೂ ಸರಿ. ಬೆಳಕು, ನಡಿಗೆ, ಕಾಫಿ ಎಲ್ಲವನ್ನೂ ಆ ಹೊತ್ತಿನಿಂದಲೇ ಎಣಿಸಬೇಕು. ಪಾಳಿ ಮುಗಿಸಿ ಮನೆಗೆ ಬರುವಾಗ ತಂಪುಕನ್ನಡಕ ಹಾಕಿಕೊಂಡರೆ, ಮಲಗುವ ಕೋಣೆಗೆ ದಪ್ಪ ಪರದೆ ಎಳೆದರೆ ಹಗಲಿನ ಬೆಳಕು ನಿದ್ದೆ ಕೆಡಿಸುವುದು ತಗ್ಗುತ್ತದೆ. ತೂಕಡಿಕೆ ಇದ್ದರೆ ಮಾತ್ರ ತಾವೇ ಗಾಡಿ ಓಡಿಸಿಕೊಂಡು ಬರಬಾರದು. ಪಾಳಿ ವಾರಕ್ಕೊಮ್ಮೆ ಬದಲಾಗುವಂತಿದ್ದರೆ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೀಗೆ ಮುಂದಕ್ಕೆ ಸರಿಯುವ ಕ್ರಮ ಕೇಳಿಕೊಳ್ಳಿ. ಗಡಿಯಾರದ ಸಹಜ ಓಟವೂ ತಡವಾಗುವ ಕಡೆಗೇ ಇರುವುದರಿಂದ ಮೈ ಅದಕ್ಕೆ ಬೇಗ ಹೊಂದುತ್ತದೆ.